ವ್ಯಾಪಾರದಲ್ಲಿ ವಿಶ್ವಾಸ: ಗಡಿನಾಡು ಕಲಿಸಿದ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ನಾನು ಶಾಲೆಯ ಹಳೆಯ ನೆನಪುಗಳನ್ನೇ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಹಲವರಿದ್ದಾರೆ. ನಾನು ಆರಿಸಿಕೊಂಡ ವಿಷಯ ಬೇರೆ. ನನ್ನ ತರಗತಿಗಳಲ್ಲಿ ಕುಳಿತು ಕಲಿತವರಲ್ಲಿ ಸರಕಾರಿ ನೌಕರಿಗೆ ಸೇರಿದವರಿಗಿಂತ ವ್ಯಾಪಾರ ವ್ಯವಹಾರಗಳಿಗೆ ಇಳಿದವರೇ ಹೆಚ್ಚು. ಮುಂಬೈಯ ಹೋಟೆಲುಗಳಲ್ಲಿ, ಬೆಂಗಳೂರಿನ ಅಂಗಡಿಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಕಾಸರಗೋಡು ಪೇಟೆಯಲ್ಲಿ, ಅಡಿಕೆಯ ಮಂಡಿಗಳಲ್ಲಿ ಅವರಿದ್ದಾರೆ. ಅವರೆಲ್ಲರ ಬದುಕು ನಿಂತಿರುವುದು ಪರಭಾಷೆಯವರ, ಪರಮತದವರ, ಪರದೇಶದವರ ಜೊತೆಗಿನ ಕೊಡುಕೊಳೆಯ ಮೇಲೆ. ಮಕ್ಕಳನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಂದಿರು ನನ್ನನ್ನು ಎಷ್ಟೋ ಸಲ ಕೇಳಿದ್ದುಂಟು: "ಮಾಷ್ಟ್ರೇ, ಕನ್ನಡದಲ್ಲಿ ಕಲಿತ ಮಗ ನಾಳೆ ಮಲಯಾಳದ ಪೇಟೆಯಲ್ಲಿ ಹೇಗೆ ಬದುಕುತ್ತಾನೆ?" ಈ ಪ್ರಶ್ನೆಗೆ ಅಂದು ಶಾಲೆಯ ಕಛೇರಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳುತ್ತಿದ್ದೆ. ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ.

"ವ್ಯಾಪಾರಂ ದ್ರೋಹಚಿಂತನಂ" ಎಂಬ ಮಾತು ನಮ್ಮಲ್ಲಿ ಬಹಳ ಪ್ರಚಲಿತವಾಗಿದೆ. ಕೃಷಿಕರ ಹಾಗೂ ಅಧ್ಯಾಪಕರ ಮನೆಗಳಲ್ಲಿ ಇದನ್ನು ವೇದವಾಕ್ಯದಂತೆ ಹೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ದ್ರೋಹದಿಂದ ಒಂದು ದಿನದ ವ್ಯಾಪಾರ ನಡೆಯಬಹುದು. ಒಂದು ತಲೆಮಾರಿನ ವ್ಯಾಪಾರ ನಡೆಯಲಾರದು. ಅದರಲ್ಲಿಯೂ ಕೊಳ್ಳುವವನ ಭಾಷೆ ಒಂದು, ಮಾರುವವನ ಭಾಷೆ ಇನ್ನೊಂದು, ದಲಾಲಿಯ ಭಾಷೆ ಮತ್ತೊಂದು ಆಗಿರುವ ನಮ್ಮಂತಹ ಊರುಗಳಲ್ಲಿ, ವಿಶ್ವಾಸವೆಂಬುದು ಬಂಡವಾಳಕ್ಕಿಂತ ದೊಡ್ಡ ಬಂಡವಾಳ. ಅದು ಆಕಾಶದಿಂದ ಉದುರುವುದಲ್ಲ. ಸಮಾನವಾದ ಕೆಲವು ಕಟ್ಟುಪಾಡುಗಳನ್ನು ಎರಡೂ ಕಡೆಯವರು ಒಪ್ಪಿ ವರ್ಷಾನುಗಟ್ಟಲೆ ಪಾಲಿಸಿದಾಗ ಬೆಳೆಯುವಂಥದು. ಈ ಮಾತನ್ನು ನಮ್ಮ ನಾಡಿನ ಉದಾಹರಣೆಗಳಿಂದಲೇ ವಿವರಿಸಲು ಯತ್ನಿಸುತ್ತೇನೆ.

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ವೇದಿಕೆಗಳಲ್ಲಿ ಹೊಗಳುವುದು ವಾಡಿಕೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಇವೆಲ್ಲ ಇಲ್ಲಿ ಮನೆಮಾತುಗಳು. ಆದರೆ ಈ ಭಾಷೆಗಳ ನಿಜವಾದ ಸಂಗಮ ನಡೆದದ್ದು ವೇದಿಕೆಯ ಮೇಲಲ್ಲ, ಪೇಟೆಯಲ್ಲಿ. ಹವ್ಯಕರ ತೋಟದ ಅಡಿಕೆಯನ್ನು ಬ್ಯಾರಿ ವ್ಯಾಪಾರಿ ಕೊಂಡು, ಕೊಂಕಣಿ ಸೆಟ್ಟರ ಮಂಡಿಗೆ ಹಾಕಿ, ಅಲ್ಲಿಂದ ಅದು ಗುಜರಾತಿ ವ್ಯಾಪಾರಿಯ ಕೈ ಸೇರಿ ಮುಂಬೈ, ಅಹಮದಾಬಾದ್, ರಾಜಕೋಟೆಗಳ ದಾರಿ ಹಿಡಿಯುತ್ತಿತ್ತು. ಅಡಿಕೆ ಕೊಯ್ದವನು, ಸುಲಿದವನು, ಲಾರಿಗೆ ಹೊರೆ ಹೊತ್ತವನು ತುಳುವನೋ ಮಲಯಾಳಿಯೋ ಆಗಿರುತ್ತಿದ್ದ. ಇವರಲ್ಲಿ ಒಬ್ಬನು ಇನ್ನೊಬ್ಬನನ್ನು ನಂಬದಿದ್ದರೆ ಅಡಿಕೆ ಅಂಗಳದಲ್ಲಿಯೇ ಹುಳ ಹಿಡಿದು ಹೋಗುತ್ತಿತ್ತು.

ಇದು ಇಂದು ನಿನ್ನೆಯ ಸಂಗತಿಯಲ್ಲ. ಕ್ರಿ.ಶ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನೊಬ್ಬನು ನಮ್ಮ ನೆರೆಯ ಮಂಗಳೂರಿನಲ್ಲಿ ನೆಲೆಸಿದ್ದನು. ಆತನ ಹುಟ್ಟೂರು ಉತ್ತರ ಆಫ್ರಿಕದ ಟುನೀಶಿಯದಲ್ಲಿ. 1132ಕ್ಕೆ ಮೊದಲೇ ಇಲ್ಲಿಗೆ ಬಂದ ಆತನು 1149ರಲ್ಲಿ ಏಡನಿಗೆ ಮರಳುವವರೆಗೆ ಸುಮಾರು 17 ವರ್ಷಗಳನ್ನು ನಮ್ಮ ಕರಾವಳಿಯಲ್ಲಿ ಕಳೆದನು. ಆತನಿಗೆ ಏಡನಿನ ಪಾಲುದಾರರು ಬರೆದ ಪತ್ರಗಳು, ಆತನ ಲೆಕ್ಕದ ಚೀಟಿಗಳು ಈಜಿಪ್ಟಿನ ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಕೊಂಡು ಬಂದವು. ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಅವನ್ನು ಓದಿ ಬೆಳಕಿಗೆ ತಂದರು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಎಂಬ ಗ್ರಂಥದಲ್ಲಿ ಆ ಕತೆಯನ್ನು ಲೋಕಕ್ಕೆ ತಿಳಿಸಿದರು. ಬೆನ್ ಯಿಜು ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅಲ್ಲಿಂದ ಅವನಿಗೆ ತಾಮ್ರ, ಕಾಗದ, ಸಕ್ಕರೆ, ಒಣದ್ರಾಕ್ಷಿಗಳು ಬರುತ್ತಿದ್ದವು. ಒಡೆದ ಹಳೆಯ ಪಾತ್ರೆಗಳನ್ನು ತರಿಸಿಕೊಂಡು ಇಲ್ಲಿನ ಕುಶಲಕರ್ಮಿಗಳಿಂದ ಹೊಸ ಪಾತ್ರೆಗಳನ್ನು ಮಾಡಿಸಿ ಕಳುಹಿಸುವ ಕಮ್ಮಟವೂ ಅವನದಿತ್ತು. ಅವನ ಪರವಾಗಿ ಏಡನಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದವನು ಬೊಮ್ಮನೆಂಬ ದಾಸ. ಅವನು ತುಳುನಾಡಿನವನೆಂದು ಘೋಷ್ ಅವರು ತರ್ಕಿಸಿದ್ದಾರೆ. ಯಹೂದಿ ಯಜಮಾನನ ಸರಕನ್ನು ಅರಬ್ಬೀ ಸಮುದ್ರದಾಚೆ ಮುಸಲ್ಮಾನರ ಬಂದರಿನಲ್ಲಿ ನಮ್ಮ ಬೊಮ್ಮನು ನೋಡಿಕೊಳ್ಳುತ್ತಿದ್ದನೆಂದರೆ ಆ ಕಾಲದ ವಿಶ್ವಾಸ ಎಂತಹದಿದ್ದಿರಬೇಕು!

ಈ ಪತ್ರಗಳಲ್ಲಿ ವಿಶ್ವಾಸದ ಕತೆ ಮಾತ್ರವಲ್ಲ, ವಿಶ್ವಾಸಭಂಗದ ಕತೆಯೂ ಇದೆ. ಏಲಕ್ಕಿ ಕೊಡುವೆನೆಂದು ಮುಂಗಡ ಹಣ ಪಡೆದ ಸ್ಥಳೀಯ ಮಧ್ಯವರ್ತಿಯೊಬ್ಬನು ಸರಕನ್ನೂ ಕೊಡಲಿಲ್ಲ, ಹಣವನ್ನೂ ಹಿಂತಿರುಗಿಸಲಿಲ್ಲ. ಸಮುದ್ರದಾಚೆ ಇರುವ ಪಾಲುದಾರರು ಏನು ಮಾಡಬಲ್ಲರು? ಮಾತು ತಪ್ಪಿದವನನ್ನು ತಮ್ಮ ಊರಿನ ವರ್ತಕರು ಬಹಿರಂಗವಾಗಿ ಖಂಡಿಸುವ ಪದ್ಧತಿಯಿದೆಯೆಂದೂ, ಬಾಕಿ ತೀರಿಸದಿದ್ದರೆ ಅಂತಹ ಖಂಡನಾಪತ್ರವನ್ನು ಅವನಿಗೆ ಕಳುಹಿಸುವೆವೆಂದು ಹೆದರಿಸಬೇಕೆಂದೂ ಅವರು ಬೆನ್ ಯಿಜುವಿಗೆ ಬರೆದರು. ಪೊಲೀಸರಿಲ್ಲ, ಸಮಾನವಾದ ನ್ಯಾಯಾಲಯವಿಲ್ಲ. ಕೈಯಲ್ಲಿದ್ದ ಅಸ್ತ್ರ ಒಂದೇ, ಹೆಸರು ಕೆಡುತ್ತದೆ ಎಂಬ ಭಯ. ಒಂಬೈನೂರು ವರ್ಷಗಳ ಹಿಂದಿನ ಆ ಅಸ್ತ್ರ ಇಂದಿಗೂ ಮೊಂಡಾಗಿಲ್ಲ. "ಊರಿಗೆ ಬಂದವಳು ನೀರಿಗೆ ಬಾರದಿರುವಳೇ" ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ನಾಳೆ ಮತ್ತೆ ಅದೇ ಬಾವಿಕಟ್ಟೆಗೆ ಬರಬೇಕಾದವರು ಇಂದು ಬಾವಿಗೆ ಕಲ್ಲು ಹಾಕುವುದಿಲ್ಲ.

ಹಾಗಾದರೆ ಭಾಷೆ, ಮತ, ಆಚಾರಗಳು ಬೇರೆಯಾಗಿರುವ ಇಬ್ಬರ ನಡುವೆ ಯಾವ ಕಟ್ಟುಪಾಡುಗಳು ಸಮಾನವಾಗಿರಬೇಕು? ನನ್ನ ಅಭಿಪ್ರಾಯದಲ್ಲಿ ಮೂರು: ಅಳತೆ, ಅವಧಿ ಮತ್ತು ಮರ್ಯಾದೆ.

ಮೊದಲನೆಯದು ಅಳತೆ. ನನ್ನ ಬಾಲ್ಯದಲ್ಲಿ ಅಕ್ಕಿಯನ್ನು ಮುಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯನ್ನು ಬಿಚ್ಚಿ ನೋಡದೆ ಕೊಂಡೊಯ್ಯುವುದೆಂದರೆ ಕಟ್ಟಿದವನ ಕೈಯನ್ನು ನಂಬುವುದೆಂದೇ ಅರ್ಥ. 1957ರ ಏಪ್ರಿಲ್ 1 ರಂದು ನಯಾಪೈಸೆ ಬಂದಿತು. ಅದರ ಬೆನ್ನಿಗೆ ಕಿಲೋಗ್ರಾಂ, ಲೀಟರುಗಳೂ ಬಂದವು. ಹಳೆಯ ಸೇರು ಊರಿನಿಂದ ಊರಿಗೆ ಬೇರೆಯಾಗಿತ್ತು. ಕಿಲೋಗ್ರಾಂ ಎಲ್ಲ ಊರಿಗೂ ಒಂದೇ. ಅಪರಿಚಿತರ ನಡುವೆ ವಿಶ್ವಾಸವನ್ನು ಸುಲಭಗೊಳಿಸಿದ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ತೂಕ ಮಾತ್ರ ಸರಿಯಿದ್ದರೆ ಸಾಲದು, ಗುಣದ ಅಳತೆಯೂ ಬೇಕು. ನಲವತ್ತು ನಲವತ್ತೈದು ದಿನ ಬಿಸಿಲಿನಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯಲ್ಲಿ ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂಬ ವಿಂಗಡಣೆಯುಂಟು. ಈ ಹೆಸರುಗಳನ್ನು ಯಾವ ಭಾಷೆಯವನ ಬಾಯಲ್ಲಿ ಕೇಳಿದರೂ ಅರ್ಥ ಒಂದೇ. ಕನ್ನಡ ಬಾರದ ವ್ಯಾಪಾರಿ, ಮಲಯಾಳ ಬಾರದ ಕೃಷಿಕ ಇಬ್ಬರೂ ಒಂದು ಹಿಡಿ ಅಡಿಕೆಯನ್ನು ಅಂಗೈಯಲ್ಲಿಟ್ಟು, ಒಂದನ್ನು ಒಡೆದು ನೋಡಿ, ಒಂದೇ ಶಬ್ದ ಹೇಳುತ್ತಿದ್ದರು. ದನದ ಜಾತ್ರೆಗಳಲ್ಲಿ ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ಕ್ರಯ ನಿಶ್ಚಯಿಸುತ್ತಿದ್ದುದೂ ಇಂತಹದೇ ಒಂದು ಸಂಕೇತಭಾಷೆ. ವ್ಯಾಪಾರಕ್ಕೆ ತನ್ನದೇ ಆದ ಒಂದು ವ್ಯಾಕರಣವಿದೆ. ಆ ವ್ಯಾಕರಣವನ್ನು ತಪ್ಪದೆ ಆಡುವವನನ್ನು ಪೇಟೆ ನಂಬುತ್ತದೆ.

ಎರಡನೆಯದು ಅವಧಿ. ಕೊಡುವೆನೆಂದ ದಿನ ಕೊಡುವುದು. ಇದಕ್ಕೆ ನಮ್ಮ ಶಾಲೆಯ ಉದಾಹರಣೆಯೇ ಇದೆ. ಶಾಲೆಯ ಮೊದಲ ಕಟ್ಟಡ ಏಳುವಾಗ ನಾನು ಹೊಸದಾಗಿ ಸೇರಿದ ಸಹಾಯಕ ಅಧ್ಯಾಪಕ. ಮುರಕಲ್ಲು ತೆಂಕಣ ಮಲಯಾಳಿ ಕೆಲಸಗಾರರದು, ಹಂಚು ಮಂಗಳೂರಿನದು, ಮಾಡಿನ ಮರ ಬ್ಯಾರಿ ಸಮಾಜದ ಒಬ್ಬ ಹಿರಿಯ ವ್ಯಾಪಾರಿಯದು. ಊರವರ ದೇಣಿಗೆ ಬರುವುದು ಅಡಿಕೆ ಮಾರಿದ ಮೇಲೆ. ಆ ವರ್ಷ ಕೊಳೆರೋಗ ಬಂದು ತೋಟಗಳು ಬರಿದಾದವು. ಮರದ ಹಣ ಕೊಡುವ ಗಡುವಿಗೆ ಇನ್ನೂ ಎಂಟು ದಿನವಿರುವಾಗಲೇ ನಮ್ಮ ಶಾಲಾ ವ್ಯವಸ್ಥಾಪಕರು ಆ ವ್ಯಾಪಾರಿಯ ಮನೆಗೆ ನಡೆದು ಹೋದರು. "ಬ್ಯಾರಿಯವರೇ, ಹೇಳಿದ ದಿನಕ್ಕೆ ಹಣ ಹೊಂದುವುದಿಲ್ಲ. ಇಂದು ಇಷ್ಟು ಇದೆ, ಉಳಿದದ್ದು ಮುಂದಿನ ಕೊಯ್ಲಿಗೆ" ಎಂದರು. ಆ ಹಿರಿಯರು ಹಣವನ್ನು ಎಣಿಸದೆ ಪೆಟ್ಟಿಗೆಗೆ ಹಾಕಿ, ಚಹಾ ತರಿಸಿದರು. ವ್ಯವಸ್ಥಾಪಕರ ಪುಸ್ತಕ ಕನ್ನಡದಲ್ಲಿ, ವ್ಯಾಪಾರಿಯ ಪುಸ್ತಕ ಮಲಯಾಳದಲ್ಲಿ. ಎರಡೂ ಲಿಪಿ ಬಲ್ಲವನೆಂದು ನನ್ನನ್ನು ಕರೆದೊಯ್ದಿದ್ದರು. ನಾನು ಎರಡನ್ನೂ ಗಟ್ಟಿಯಾಗಿ ಓದಿದೆ. ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಮರುವರ್ಷ ಬಾಕಿ ಪೂರ್ತಿ ಸಂದಾಯವಾಯಿತು. ಆ ಮನೆಯ ಮೂರು ತಲೆಮಾರಿನ ಮಕ್ಕಳು ಅನಂತರ ಇದೇ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದರು. ಗಡುವು ಮೀರಿದ ಮೇಲೆ ನೆಪ ಹೇಳುವವನಿಗೂ, ಗಡುವಿಗೆ ಮೊದಲೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವವನಿಗೂ ಇರುವ ಅಂತರವನ್ನು ನಾನು ಯಾವ ಪಠ್ಯಪುಸ್ತಕದಿಂದಲೂ ಅಷ್ಟು ಸ್ಪಷ್ಟವಾಗಿ ಕಲಿತಿರಲಿಲ್ಲ.

ಮೂರನೆಯದು ಮರ್ಯಾದೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ತೂಕಕ್ಕೆ ಹೋಗಬಾರದು. ರಮ್ಜಾನಿನ ಸಂಜೆ ಉಪವಾಸ ಬಿಡುವ ಸಮಯದಲ್ಲಿ ಲೆಕ್ಕ ತೆಗೆಯಬಾರದು. ದೀಪಾವಳಿಯ ಅಂಗಡಿಪೂಜೆಯ ದಿನ ಸಾಲ ಕೇಳಬಾರದು. ಸೂತಕದ ಮನೆಗೆ ಬಾಕಿಯ ಚೀಟಿ ಕಳುಹಿಸಬಾರದು. ಇವನ್ನು ಯಾರೂ ಬರೆದಿಡಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕನೆಂಬ ಐತಿಹ್ಯವನ್ನು ನಮ್ಮ ಕರಾವಳಿ ಇಂದಿಗೂ ಗೌರವದಿಂದ ಹೇಳುತ್ತದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದನ್ನು ಕಾಪಾಡಿಕೊಂಡು ಬಂದ ಸಮಾಜದ ಮನಸ್ಸು ಎಂತಹದೆಂಬುದು ಮುಖ್ಯ.

ವ್ಯಕ್ತಿಗಳ ನಡುವಿನ ಇಂತಹ ವಿಶ್ವಾಸವನ್ನು ಸಂಸ್ಥೆಯ ರೂಪಕ್ಕೆ ಏರಿಸಬಹುದೇ? ಏರಿಸಬಹುದೆಂದು ಕ್ಯಾಂಪ್ಕೊ ತೋರಿಸಿಕೊಟ್ಟಿತು. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಪಾತಾಳಕ್ಕೆ ಕುಸಿದು ಬೆಳೆಗಾರರು ಕಂಗಾಲಾದರು. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11 ರಂದು, ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಘ ಹುಟ್ಟಿತು. 1956ರ ನವೆಂಬರ್ 1 ರಂದು ರಾಜ್ಯಗಳ ಪುನರ್ವಿಂಗಡಣೆ ನಮ್ಮ ನಡುವೆ ಗೆರೆ ಎಳೆದು ಇನ್ನೂ ಹದಿನೇಳು ವರ್ಷ ತುಂಬಿರಲಿಲ್ಲ. ಗಡಿಯ ವಿವಾದ ಕಾವೇರಿದ್ದ ಕಾಲ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿದ್ದರೂ ಅದು ಜಾರಿಯಾಗಿರಲಿಲ್ಲ. ಅಂತಹ ದಿನಗಳಲ್ಲಿ ಎರಡು ರಾಜ್ಯಗಳ, ಹಲವು ಭಾಷೆಗಳ, ಹಲವು ಮತಗಳ ಬೆಳೆಗಾರರು ಒಂದೇ ತಕ್ಕಡಿಯನ್ನು ಒಪ್ಪಿಕೊಂಡರು. 1980ರ ಸುಮಾರಿಗೆ ಕೊಕ್ಕೊ ಬೀಜವನ್ನು ಕೇಳುವವರಿಲ್ಲದಾದಾಗ ಇದೇ ಸಂಘ ಖರೀದಿಗೆ ಇಳಿಯಿತು. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗರು ಪುತ್ತೂರಿನ ಚಾಕೊಲೇಟು ಕಾರ್ಖಾನೆಯನ್ನು ಉದ್ಘಾಟಿಸಿದರು. ಇಂದು ಖಾಸಗಿ ವ್ಯಾಪಾರಿಗೆ ಅಡಿಕೆ ಮಾರುವವನೂ ಮೊದಲು ಕೇಳುವುದು "ಕ್ಯಾಂಪ್ಕೊ ದರ ಎಷ್ಟು?" ಎಂದೇ. ಸರ್ವರಿಗೂ ಕಾಣುವಂತೆ ಬರೆದು ಹಾಕಿದ ದರ, ಎಲ್ಲರಿಗೂ ಒಂದೇ ವಿಂಗಡಣೆ, ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಲೆಕ್ಕ, ಇವು ವಿಶ್ವಾಸದ ಗೋಡೆಗೆ ಇಟ್ಟ ಮುರಕಲ್ಲುಗಳು.

ಇನ್ನು ಭಾಷೆಯ ವಿಚಾರ. ವ್ಯಾಪಾರಕ್ಕೆ ತನ್ನದೇ ವ್ಯಾಕರಣವಿದೆಯೆಂದ ಮಾತ್ರಕ್ಕೆ ನೆರೆಯವನ ಭಾಷೆ ಬೇಡವೆಂದಲ್ಲ. ಕನ್ನಡ ಮಲಯಾಳಗಳು ಸೋದರ ಭಾಷೆಗಳು. ನಮ್ಮ 'ಬೆಲೆ' ಅವರಲ್ಲಿ 'ವಿಲ', ನಮ್ಮ 'ಕಡ' ಅವರಲ್ಲಿ 'ಕಡಂ', 'ಬಾಕಿ' ಇಬ್ಬರಿಗೂ ಬಾಕಿಯೇ! ಆದರೆ ಈ ಹೋಲಿಕೆಯಲ್ಲಿಯೇ ಅಪಾಯವೂ ಇದೆ. ನಮಗೆ 'ಅವಸರ'ವೆಂದರೆ ಆತುರ, ಅವರಿಗೆ 'ಅವಸರಂ' ಎಂದರೆ ಅವಕಾಶ. ನಮಗೆ 'ಸಂಸಾರ'ವೆಂದರೆ ಹೆಂಡತಿ ಮಕ್ಕಳು, ಅವರಿಗೆ 'ಸಂಸಾರಂ' ಎಂದರೆ ಮಾತುಕತೆ. ಒಳ್ಳೆಯ ಅವಕಾಶವಿದೆಯೆಂದು ಅವನು ಹೇಳಿದ್ದನ್ನು ಇವನು ಆತುರಪಡಿಸುತ್ತಿದ್ದಾನೆಂದು ತಿಳಿದು ಮುನಿಸಿಕೊಂಡರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಪೂರ್ತಿ ಅರಿಯದ ಶಬ್ದವನ್ನು ಕೇಳಿದಾಗ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅರ್ಥವಾಯಿತೆಂದು ತಲೆಯಾಡಿಸುವುದರಲ್ಲಿ ನಷ್ಟವಿದೆ.

2017ರಲ್ಲಿ ಕೇರಳ ಸರಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಆ ಪ್ರತಿಭಟನೆ ನ್ಯಾಯವಾದದ್ದೆಂದೇ ನಾನು ಇಂದಿಗೂ ಹೇಳುವೆ. ಭಾಷೆಯನ್ನು ದಂಡದಿಂದ ಕಲಿಸಬಾರದು. ಆದರೆ ಹೇರಿಕೆಯನ್ನು ವಿರೋಧಿಸುವ ಭರದಲ್ಲಿ ನೆರೆಮನೆಯ ಭಾಷೆಯನ್ನೇ ದೂರವಿಡುವುದು ವಿವೇಕವಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು, ಮಲಯಾಳವನ್ನು ಪೇಟೆಯಲ್ಲಿ, ಬಸ್ಸಿನಲ್ಲಿ, ದಿನಪತ್ರಿಕೆಯಲ್ಲಿ ಕಲಿತೆ. ಕನ್ನಡದವರು ನನ್ನನ್ನು 'ಮಾಷ್ಟ್ರು' ಎಂದರೆ ಮಲಯಾಳಿಗಳು 'ಮಾಷ್' ಎನ್ನುತ್ತಾರೆ. ಎರಡರಲ್ಲಿಯೂ ಇರುವ ಗೌರವ ಒಂದೇ. ಅದರಿಂದ ನನ್ನ ಕನ್ನಡ ಒಂದು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ. ತಾಯ್ನುಡಿಯಲ್ಲಿ ಲೆಕ್ಕ, ತರ್ಕ, ವಿವೇಕಗಳನ್ನು ಗಟ್ಟಿಯಾಗಿ ಕಲಿತವನು ಬೇರೆ ನಾಲ್ಕು ಭಾಷೆಗಳನ್ನು ಬೇಗನೆ ಕಲಿಯುತ್ತಾನೆ. ಬೇರೇ ಗಟ್ಟಿಯಿಲ್ಲದವನು ಎಲ್ಲ ಭಾಷೆಗಳಲ್ಲಿಯೂ ತೊದಲುತ್ತಾನೆ. ತನ್ನ ಭಾಷೆಗೆ ನಾಚುವವನನ್ನು ಪರಭಾಷೆಯವನೂ ಒಳಗೊಳಗೆ ನಂಬುವುದಿಲ್ಲ. ತನ್ನ ಮನೆಯನ್ನೇ ಮುಚ್ಚಿಡುವವನು ನನ್ನ ಮುಂದೆ ಇನ್ನೇನನ್ನು ಮುಚ್ಚಿಡುವನೋ ಎಂಬ ಸಂಶಯ ಅವನಿಗೆ ಸಹಜ. ಆ ತಂದೆತಾಯಂದಿರ ಪ್ರಶ್ನೆಗೆ ಇದೇ ನನ್ನ ಉತ್ತರ.

ಕಾಲ ಬದಲಾಗಿದೆ, ಈಗ ಇದೆಲ್ಲ ಏತಕ್ಕೆಂದು ಕೇಳುವವರಿದ್ದಾರೆ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹಣ ಸಂದಾಯವಾಗುತ್ತದೆ, ಜಿ.ಎಸ್.ಟಿ. ಬಿಲ್ಲು ಇದೆ, ಕರಾರುಪತ್ರವಿದೆ, ನ್ಯಾಯಾಲಯವಿದೆ, ವಿಶ್ವಾಸದ ಹಂಗೇಕೆ ಎನ್ನುತ್ತಾರೆ. ಕಾಗದಪತ್ರಗಳು ಬೇಕು, ಅವನ್ನು ಅಲಕ್ಷಿಸಬಾರದು. ಲೆಕ್ಕ ಬೇರೆ, ಸ್ನೇಹ ಬೇರೆ ಎಂದು ತಿಳಿದವರ ಸ್ನೇಹವೇ ಬಾಳುವುದು. ಆದರೆ ಮೊಬೈಲು ಹಣವನ್ನು ಸಾಗಿಸಬಲ್ಲುದು, ಸರಕಿನ ಗುಣವನ್ನು ಹೇಳಲಾರದು. ಕರಾರುಪತ್ರ ಬರೆಯುವಾಗ ಊಹಿಸದ ಸಂಕಟ, ಕೊಳೆರೋಗವೋ ಮಹಾಮಾರಿಯೋ, ಬಂದೆರಗಿದಾಗ ಕೈಹಿಡಿಯುವುದು ಕಾಗದವಲ್ಲ, ಮನುಷ್ಯ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿಯೇ ಮುಚ್ಚಿಹೋದಾಗ, ಅಂಗಡಿಯವರ ಕಡದ ಪುಸ್ತಕವೇ ಎಷ್ಟೋ ಮನೆಗಳ ಒಲೆ ಉರಿಸಿತು. ಆ ಪುಸ್ತಕದಲ್ಲಿ ಎಲ್ಲ ಜಾತಿಮತಗಳ ಹೆಸರುಗಳಿದ್ದವು.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿರುವುದು ಇನ್ನೊಂದು ಸಂಗತಿ. ವ್ಯಾಪಾರಿಯ ಸರಕನ್ನು ನೋಡುವ ಮೊದಲು ಅವನ ಮತವನ್ನು ನೋಡಬೇಕೆಂದು ಬೋಧಿಸುವ ಸಂದೇಶಗಳು ಇತ್ತೀಚಿನ ವರ್ಷಗಳಲ್ಲಿ ಎಲ್ಲ ಕಡೆಯಿಂದಲೂ ಹರಿದಾಡುತ್ತಿವೆ. ಜಾತ್ರೆಯಲ್ಲಿ ಅವರಿಗೆ ಅಂಗಡಿ ಬೇಡ, ಇವರ ಅಂಗಡಿಗೆ ನಾವು ಹೋಗಬಾರದು ಎಂಬ ಮಾತುಗಳನ್ನು ನಮ್ಮ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರ ಬಾಯಲ್ಲಿಯೇ ಕೇಳಿದಾಗ ಮನಸ್ಸು ನೋಯುತ್ತದೆ. "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು" ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಏಳು ಭಾಷೆಗಳ ಪೇಟೆಯಲ್ಲಿ ಒಬ್ಬರು ಇನ್ನೊಬ್ಬರ ಅಂಗಡಿ ಮುಚ್ಚಿಸಲು ಹೊರಟರೆ ಉಳಿಯುವುದು ಏಳು ಮುಚ್ಚಿದ ಬಾಗಿಲುಗಳು. ಮೋಸ ಮಾಡಿದವನನ್ನು ಮೋಸಗಾರನೆಂದು ಹೇಳೋಣ; ಅವನ ಮತವನ್ನೇಕೆ ಎಳೆದು ತರಬೇಕು? ಮಾತು ತಪ್ಪಿದ ಆ ಏಲಕ್ಕಿಯ ಮಧ್ಯವರ್ತಿಯ ಕಾರಣಕ್ಕಾಗಿ ಬೆನ್ ಯಿಜು ಬೊಮ್ಮನನ್ನು ಕೈಬಿಡಲಿಲ್ಲ.

ವ್ಯವಹಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮೇಷ್ಟ್ರ ಅಧಿಕಾರದಿಂದ ನಾಲ್ಕು ಮಾತು ಹೇಳುತ್ತೇನೆ. ಹೊಸಬನೊಡನೆ ಮೊದಲ ವ್ಯವಹಾರ ಚಿಕ್ಕದಿರಲಿ. ಅದು ಸರಿಯಾಗಿ ಮುಗಿದ ಮೇಲೆ ದೊಡ್ಡದಾಗಲಿ. ಒಪ್ಪಿದ್ದನ್ನು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಬರೆದು, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿರಿ. ಅವನ ಹಬ್ಬ, ಅವನ ಉಪವಾಸ, ಅವನ ಊಟದ ನಿಷೇಧಗಳನ್ನು ತಿಳಿದುಕೊಳ್ಳಿರಿ. ನಿಮ್ಮವನ್ನು ಸಂಕೋಚವಿಲ್ಲದೆ ತಿಳಿಸಿರಿ. ಅಹಿತವಾದ ಸುದ್ದಿಯನ್ನು ಮೂರನೆಯವನ ಬಾಯಿಂದ ತಿಳಿಯುವ ಮೊದಲು ನೀವೇ ಹೇಳಿರಿ.

ಶಾಲೆಯ ಇಂದಿನ ಅಧ್ಯಾಪಕ ಬಂಧುಗಳಿಗೂ ಒಂದು ವಿನಂತಿ. ಹಿಂದೆ ನಮ್ಮಲ್ಲಿ ಮಕ್ಕಳೇ ನಡೆಸುತ್ತಿದ್ದ ಪುಸ್ತಕ, ಪೆನ್ಸಿಲುಗಳ ಸಹಕಾರ ಭಂಡಾರವಿತ್ತು. ಶನಿವಾರ ಮಧ್ಯಾಹ್ನ ಏಳನೆಯ ತರಗತಿಯ ಮಕ್ಕಳು ಲೆಕ್ಕ ಒಪ್ಪಿಸುತ್ತಿದ್ದರು. ಐದು ಪೈಸೆ ಹೆಚ್ಚು ಕಡಮೆಯಾದರೂ ಮನೆಗೆ ಹೋಗುವಂತಿರಲಿಲ್ಲ. ಅದನ್ನು ಪುನಃ ಆರಂಭಿಸಿರಿ. ಪ್ರತಿಯೊಂದು ಸಮಾಜದ ಮನೆಯ ಮಗುವೂ ಒಂದೊಂದು ವಾರ ಅದರ ಹೊಣೆ ಹೊರಲಿ. ಹಳೆ ವಿದ್ಯಾರ್ಥಿಗಳು ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಅದಕ್ಕೆ ಸಣ್ಣದೊಂದು ಮೂಲಧನವನ್ನು ಕೊಟ್ಟರೆ, ಸಭಾಭವನಕ್ಕೆ ಹಾಕುವ ಅಮೃತಶಿಲೆಗಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಹಾಗೆ ಕೊಡುವ ಮೊದಲ ಕಂತನ್ನು ನನ್ನ ಪಿಂಚಣಿಯಿಂದ ಈಗಾಗಲೇ ಮುಖ್ಯೋಪಾಧ್ಯಾಯರ ಕೈಗೆ ಒಪ್ಪಿಸಿ, ರಶೀದಿ ಪಡೆದಿದ್ದೇನೆ. ನಮ್ಮ ಶಾಲೆಗೆ ಶುಭವಾಗಲಿ.